ಗೈರುಹಾಜರಾದ ಒಂಟೆ

ಕಕ್ಕಡ ತಿಂಗಳ ಮಳೆಗೆ ವಿರಾಜಪೇಟೆ ಕಡೆಯ ನಮ್ಮ ಊರಿನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೊಬೈಲೂ ಸತ್ತಿತು. ಹೋದ ಭಾನುವಾರ ಗೋಣಿಕೊಪ್ಪಲಿನಲ್ಲಿ ಗೆದ್ದಿದ್ದ ಚದುರಂಗದಾಟವನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಮತ್ತೆ ಹಲಗೆಯ ಮೇಲೆ ಇಟ್ಟು ನೋಡಿದೆ. ನಡೆಗಳನ್ನು ಬರೆದುಕೊಂಡದ್ದು ತೋಟದ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ. ಸೋತ ಆಟಗಳೂ ಅಲ್ಲೇ ಇವೆ, ಆದರೆ ಮಳೆಗಾಲದಲ್ಲಿ ಅವು ಯಾರಿಗೆ ಬೇಕು?

ನನ್ನದು ಕಪ್ಪು, ಆಟ ಶುರುಮಾಡಿದ್ದು ಫ್ರೆಂಚ್ ಡಿಫೆನ್ಸ್ ಎಂಬ ಆರಂಭದಿಂದ. 1834ರಲ್ಲಿ ಲಂಡನ್ ಮತ್ತು ಪ್ಯಾರಿಸ್ ಕ್ಲಬ್‌ಗಳು ಅಂಚೆಯಲ್ಲಿ ಆಡಲು ಶುರುಮಾಡಿದ ಪಂದ್ಯದಲ್ಲಿ ಪ್ಯಾರಿಸಿನವರು ಆಡಿದ್ದರಿಂದ ಆ ಹೆಸರು.

ಇ4 ಇ6, ಡಿ4 ಡಿ5, ಇ5 ಸಿ5, ಸಿ3: ಇವು ಕಾಲಾಳುಗಳು ಹೋಗಿ ನಿಂತ ಮನೆಗಳ ಹೆಸರು, ಪ್ರತಿ ಜೋಡಿಯಲ್ಲೂ ಮೊದಲನೆಯದು ಬಿಳಿಯದು. ಬಿಳಿಯ ಡಿ4 ಕಾಲಾಳಿನ ಬುಡ ಅಗೆಯುವುದೇ ಕಪ್ಪಿನ ಕೆಲಸ. ನನ್ನ ಕುದುರೆ ಸಿ6ಕ್ಕೆ, ಎದುರಾಳಿಯದು ಎಫ್3ಕ್ಕೆ. ನನ್ನ ಮಂತ್ರಿ ಬಿ6ಕ್ಕೆ, ಅವರ ಒಂಟೆ ಡಿ3ಕ್ಕೆ. ಡಿ4ರಲ್ಲಿ ಕಾಲಾಳುಗಳು ಹೊಡೆದಾಡಿಕೊಂಡ ಮೇಲೆ ಅಲ್ಲಿ ಉಳಿದ ಬಿಳಿ ಕಾಲಾಳಿಗೆ ಕಾವಲು ಒಂದೇ ಕುದುರೆ. ಏಳನೇ ನಡೆಯಲ್ಲಿ ಕುದುರೆಯಿಂದ ಹೊಡೆದೆ. ಅವರು ಕುದುರೆಯಿಂದಲೇ ತೆಗೆದರು, ನಾನು ಮಂತ್ರಿಯಿಂದ ತೆಗೆದೆ. ಅವರು ಕ್ಯಾಸ್ಲಿಂಗ್ ಮಾಡಿದರು, ಅಂದರೆ ರಾಜನನ್ನು ಆನೆಯ ಮರೆಗೆ ಸರಿಸಿದರು. ಇ5ರ ಕಾಲಾಳನ್ನೂ ನುಂಗಿದೆ. ಮುಂದಿನದೆಲ್ಲ ಎರಡು ಕಾಲಾಳುಗಳ ಲಾಭದ ನಿಧಾನ ವಸೂಲಿ.

ಅವರು ಎಲ್ಲಿ ಎಡವಿದರೆಂದು ಭಾನುವಾರ ಹೇಳಿಕೊಡುವ ದೊಡ್ಡಸ್ತಿಕೆಯಿಂದ ಹಲಗೆಯನ್ನು ಬಿಳಿಯ ಕಡೆಗೆ ತಿರುಗಿಸಿದೆ. ಒಂಬತ್ತನೇ ನಡೆ. ಕ್ಯಾಸ್ಲಿಂಗ್ ಬದಲು ಡಿ3ರ ಒಂಟೆಯನ್ನು ಸುಮ್ಮನೆ ಬಿ5ಕ್ಕೆ ಇಟ್ಟೆ. ರಾಜನಿಗೆ ಚೆಕ್! ಒಂಟೆ ಸರಿದ ದಾರಿಯಲ್ಲಿ ಡಿ1ರಿಂದ ಅವರ ಮಂತ್ರಿ ನೇರವಾಗಿ ನನ್ನ ಮಂತ್ರಿಯನ್ನು ನೋಡುತ್ತಿದೆ. ಮೊದಲು ರಾಜನನ್ನು ಉಳಿಸಬೇಕು, ಹಾಗಾಗಿ ಹೋಯಿತು, ನನ್ನ ಮಂತ್ರಿಯೇ ಹೋಯಿತು. ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಇ5ರ ಕಾಲಾಳಿನ ಆಸೆಗೆ ಅಲ್ಲಿಂದ ಎದ್ದು ಹೋದದ್ದರಿಂದ ಮಂತ್ರಿ ಉಳಿಯಿತು, ಅಷ್ಟೇ.

ಏಳನೇ ನಡೆಯಲ್ಲಿ ಕುದುರೆಯಿಂದ ಹೊಡೆಯುವ ಬದಲು ನನ್ನ ಒಂಟೆಯನ್ನು ಡಿ7ಕ್ಕೆ ಇಟ್ಟಿದ್ದರೆ ಸಾಕಿತ್ತು. ಇ6ರ ಸ್ವಂತ ಕಾಲಾಳಿನ ಹಿಂದೆಯೇ ಕೊಳೆಯುವ ಆ ಒಂಟೆಯನ್ನು ನಾವು ಫ್ರೆಂಚ್ ಆಡುವವರು ಬೈಯುತ್ತಲೇ ಇರುತ್ತೇವೆ; ಅದರ ಆ ಒಂದು ಹೆಜ್ಜೆ ರಾಜನಿಗೆ ಅಡ್ಡ ನಿಂತು ಬಿ5ರ ಚೆಕ್‌ನ ವಿಷ ಇಳಿಸುತ್ತದೆ. ಆಮೇಲೆ ಬಿಳಿ ಡಿ4ನ್ನು ಬೇಕೆಂದೇ ಬಿಟ್ಟುಕೊಡುವುದೂ ಉಂಟು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತಸಂಕೇತ ಬಿಡಿಸುತ್ತಿದ್ದ ಸ್ಟುವರ್ಟ್ ಮಿಲ್ನರ್-ಬ್ಯಾರಿಯ ಹೆಸರಿನ ಗ್ಯಾಂಬಿಟ್ ಅದು. ಅಂಥವರು ಕೊಟ್ಟ ಕಾಲಾಳನ್ನು ತಿನ್ನುವ ಮೊದಲು ನಾನಂತೂ ಎರಡು ಸಲ ಯೋಚಿಸುತ್ತೇನೆ.

ಹಾಜರಿ ಪುಸ್ತಕದಲ್ಲಿ ಏಳನೇ ನಡೆಯ ಪಕ್ಕ ಕೆಂಪು ಶಾಯಿಯಲ್ಲಿ ಬರೆದೆ: ಒಂಟೆ, ಗೈರುಹಾಜರು. ಭಾನುವಾರ ಆ ಹಾಳೆಯನ್ನು ಅವರಿಗೆ ತೋರಿಸುತ್ತೇನೆ. ಆಟ ಮುಗಿದ ಮೇಲೆ.