ಖಾಲಿ ಫ್ಲಾಸ್ಕಿನಲ್ಲೂ ಗುಳ್ಳೆಗಳಿದ್ದವು

ಹೊಕ್ಕುಳಬಳ್ಳಿಯಿಂದ ತೆಗೆದ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳನ್ನು ಬೆಳೆಸುವುದು ಲ್ಯಾಬಿನಲ್ಲಿ ನನ್ನ ಕೆಲಸ. ಆದರೆ ನಮಗೆ ಬೇಕಾದ್ದು ಆ ಕೋಶಗಳಲ್ಲ, ಅವು ಮುಳುಗಿದ್ದ ಮೀಡಿಯಾ, ಅಂದರೆ ಪೋಷಕ ದ್ರವ. ಕೋಶಗಳು ಹೊರಬಿಡುವ ಎಕ್ಸೋಸೋಮ್ ಎಂಬ ಗುಳ್ಳೆಗಳು ಇರುವುದು ಅದರಲ್ಲಿ. ಒಂದೊಂದರ ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್.

ಸ್ಟೆಮ್ ಸೆಲ್ ಕೊಟ್ಟರೆ ಅದೇ ಹೃದಯದ ಕೋಶವಾಗಿಯೋ ಮೂತ್ರಪಿಂಡದ ಕೋಶವಾಗಿಯೋ ಮಾರ್ಪಟ್ಟು ಹಾಳಾದ ಜಾಗ ತುಂಬುತ್ತದೆ ಎಂದು ಮೊದಲು ನಂಬಿದ್ದರು. ನೋಡಿದರೆ, ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಬೇಗ ಸಾಯುತ್ತಿದ್ದವು. ಆದರೂ ಅಂಗ ಚೇತರಿಸಿಕೊಳ್ಳುತ್ತಿತ್ತು! 2009ರಲ್ಲಿ ಇಟಲಿಯ ಟೂರಿನ್‌ನಲ್ಲಿ ಜೊವಾನ್ನಿ ಕಮುಸ್ಸಿ ಅವರ ತಂಡ, ಮೂತ್ರಪಿಂಡ ಕೆಟ್ಟ ಇಲಿಗಳಿಗೆ ಬರೀ ಗುಳ್ಳೆಗಳನ್ನು ಕೊಟ್ಟು ಚೇತರಿಕೆ ಕಂಡಿತು. ಕಿಣ್ವ ಹಾಕಿ ಗುಳ್ಳೆಗಳಲ್ಲಿದ್ದ, ಕೋಶಕ್ಕೆ ಸೂಚನೆ ಒಯ್ಯುವ ಅಣುವಾದ ಆರ್‌ಎನ್‌ಎ ನಾಶಮಾಡಿದಾಗ ಆ ಗುಣ ಹೋಯಿತು. ಅಂದರೆ ಗುಳ್ಳೆ ಹೊತ್ತೊಯ್ಯುವುದು ಸಂದೇಶ: ಉರಿಯೂತ ತಗ್ಗಿಸು, ಸಾಯಬೇಡ, ಹೊಸ ರಕ್ತನಾಳ ಕಟ್ಟು. ಗಾಯಗೊಂಡ ಜಾಗದ ಕೋಶಗಳೇ ಅದನ್ನು ಓದಿಕೊಂಡು ರಿಪೇರಿ ಮಾಡುತ್ತವೆ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಇದು ನನಗೆ ಬೆರಗೇ.

ಆ ಬೆರಗೇ ನನ್ನನ್ನು ಆತುರಕ್ಕೆ ತಳ್ಳಿತು. ಮೀಡಿಯಾವನ್ನು ಗುರುತ್ವದ 1,00,000 ಪಟ್ಟು ಬಲದಲ್ಲಿ ಸ್ಪಿನ್ ಮಾಡಿ (ಯಂತ್ರದಲ್ಲಿ ಗಿರಗಿರ ತಿರುಗಿಸಿ), ತಳದಲ್ಲಿ ಕೂತ ಗಟ್ಟಿ, ಅಂದರೆ ಪೆಲೆಟ್ ತೆಗೆದು, ಚರ್ಮದ ಕೋಶಗಳ ಪದರದ ಮೇಲೆ ಗಾಯದಂತೆ ಗೀರು ಎಳೆದು ಅದಕ್ಕೆ ಹಾಕಿದೆ. ಮರುದಿನಕ್ಕೆ ಗೀರು ಹೆಚ್ಚುಕಡಿಮೆ ಮುಚ್ಚಿತ್ತು. ಮೂರು ಸಲ ಮಾಡಿದರೂ ಅದೇ ಫಲ. ಮೇಡಂಗೆ ತೋರಿಸಿದೆ, ಗ್ರಾಫ್ ಬಿಡಿಸಿಯೂ ಆಯಿತು.

ಆಗ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಕೋಶ ಹಾಕದೆ ಬರೀ ಮೀಡಿಯಾನೇ ಸ್ಪಿನ್ ಮಾಡಿ ನೋಡಿದೀರಾ?"

ನೋಡಿರಲಿಲ್ಲ. ಹೋಲಿಕೆಗೆಂದು ಗೀರಿಗೆ ಏನೂ ಹಾಕದ ಕಂಟ್ರೋಲ್ ಇತ್ತು, ಅದೇ ಸಾಕು ಅಂದುಕೊಂಡಿದ್ದೆ. ಅವಳು ಹೇಳಿದಂತೆ ಖಾಲಿ ಫ್ಲಾಸ್ಕಿಗೆ ಅದೇ ಬಾಟಲಿಯ ಮೀಡಿಯಾ ಹಾಕಿ, 48 ಗಂಟೆ ಇನ್‌ಕ್ಯುಬೇಟರಿನಲ್ಲಿಟ್ಟು, ಹಾಗೆಯೇ ಸ್ಪಿನ್ ಮಾಡಿದೆವು. ಪೆಲೆಟ್ ಬಂತು. ಕಣ ಎಣಿಸುವ ಯಂತ್ರ ಕೊಟ್ಟ ಸಂಖ್ಯೆಯೂ ಹೆಚ್ಚು ಬೇರೆ ಇರಲಿಲ್ಲ. ಗೀರೂ ಬಹಳ ಮಟ್ಟಿಗೆ ಮುಚ್ಚಿತು.

ಕಾರಣ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ಮೀಡಿಯಾಕ್ಕೆ 10% ಹಾಕುತ್ತಿದ್ದದ್ದು ದನದ ಭ್ರೂಣದ ರಕ್ತದಿಂದ ಬರುವ ಸೀರಂ. ಅದರಲ್ಲಿ ಅದರದ್ದೇ ಗುಳ್ಳೆಗಳು ತುಂಬಿರುತ್ತವೆ, ಅವೂ ಕೋಶಗಳನ್ನು ಓಡಾಡಿಸಿ ಗೀರು ಮುಚ್ಚಿಸುತ್ತವೆ. ಗಾತ್ರ ಒಂದೇ ಇರುವಾಗ ಮನುಷ್ಯರದ್ದು ಯಾವುದು, ದನದ್ದು ಯಾವುದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ತಿಂಗಳುಗಟ್ಟಲೆ ಮಾಡಿದ್ದನ್ನು ಪಕ್ಕಕ್ಕಿಡಬೇಕಾಯಿತು. ಅವತ್ತು ಊಟ ಸೇರಲಿಲ್ಲ.

ಸೀರಂ ಅನ್ನೇ ಮೊದಲು 18 ಗಂಟೆ ಸ್ಪಿನ್ ಮಾಡಿ ಗುಳ್ಳೆ ತೆಗೆಯುವ ದಾರಿಯಿದೆ, ಆದರೆ ಪೂರ್ತಿ ಹೋಗುವುದಿಲ್ಲ. ನಾವು ಕೋಶಗಳನ್ನು ಚೆನ್ನಾಗಿ ತೊಳೆದು ಕೊನೆಯ 48 ಗಂಟೆ ಸೀರಂ ಇಲ್ಲದೆ ಇಡತೊಡಗಿದೆವು. ಹಸಿದ ಕೋಶ ಸತ್ತರೆ ಅದರ ಚೂರುಗಳೂ ಪೆಲೆಟ್ಟಿಗೆ ಬರುತ್ತವೆ, ಹಾಗಾಗಿ ಎಷ್ಟು ಕೋಶ ಬದುಕಿವೆ ಎಂದು ಪ್ರತಿಸಲ ಎಣಿಸಬೇಕು. ಎಕ್ಸೋಸೋಮಿನ ಗುರುತಾದ ಮನುಷ್ಯರ ಸಿಡಿ63, ಸಿಡಿ81 ಪ್ರೋಟೀನುಗಳು ಇವೆಯೇ, ಕೋಶದ ಚೂರು ಸೇರಿದ್ದರೆ ಕಾಣುವ, ಇರಬಾರದ ಕ್ಯಾಲ್ನೆಕ್ಸಿನ್ ಪ್ರೋಟೀನು ಇಲ್ಲವೇ ಎಂದು ಬ್ಲಾಟ್ ಎಂಬ ಪ್ರೋಟೀನು ಪರೀಕ್ಷೆ ಮಾಡಿ ನೋಡಬೇಕು. ಪ್ರತಿ ಬ್ಯಾಚಿನ ಜೊತೆ ಒಂದು ಖಾಲಿ ಫ್ಲಾಸ್ಕ್ ಕಡ್ಡಾಯ. ಹೀಗೆ ಮಾಡಿದಾಗಲೂ ಗೀರು ಮುಚ್ಚಿತು, ಮೊದಲಿನಷ್ಟು ಬೇಗ ಅಲ್ಲ. ಆದರೆ ಖಾಲಿ ಫ್ಲಾಸ್ಕಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚು.

ಮೊನ್ನೆ ಸೋದರತ್ತೆ ಫೋನ್ ಮಾಡಿ, "ಮಂಡಿಗೆ ಎಕ್ಸೋಸೋಮ್ ಇಂಜೆಕ್ಷನ್ ಕೊಡ್ತಾರಂತೆ, ನಿಂದೇ ಕೆಲಸ ಅಲ್ವೇನೇ, ಹಾಕಿಸ್ಕೊಳ್ಳಲಾ?" ಎಂದರು. ಅಮೆರಿಕದ ನೆಬ್ರಾಸ್ಕದಲ್ಲಿ ಇಂಥದ್ದನ್ನು ಹಾಕಿಸಿಕೊಂಡವರಿಗೆ ತೀವ್ರ ತೊಂದರೆಯಾಗಿ, 2019ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದ್ದನ್ನು ಹೇಳಿದೆ. "ಆ ಸೀಸೆಯಲ್ಲಿ ಏನಿದೆ ಅಂತ ಅವರು ಹೇಗೆ ನೋಡಿದಾರೆ, ಕೇಳಿ ಅತ್ತೆ" ಅಂದೆ. ಕೇಳಿದರಂತೆ. ಉತ್ತರ ಬರಲಿಲ್ಲವಂತೆ, ಹಾಕಿಸಿಕೊಳ್ಳಲಿಲ್ಲ.