ರಬ್ಬರ್ ಬೋಟಿನ ಮೂತಿ ಇಳಿಸುವ ಕೆಲಸ: ಇಲ್ಲಿಯವರೆಗೆ

ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ನಡೆದಿರುವ ನನ್ನ ಬೋಟಿನ ಕೆಲಸ ಈ ವಾರ ಒಂದು ಹಂತಕ್ಕೆ ಬಂದಿದೆ. 3.3 ಮೀಟರ್ ಉದ್ದದ, ಗಾಳಿ ತುಂಬುವ ರಬ್ಬರ್ ಬೋಟ್. ಹಿಂದಿನ ಹಲಗೆಗೆ 9.8 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರ್. ಇಬ್ಬರು ಕುಳಿತರೆ ತಕರಾರಿಲ್ಲ. ಒಬ್ಬನೇ ಕುಳಿತು ಥ್ರಾಟಲ್ ತಿರುವಿದರೆ ಮೂತಿ ಮೇಲೆದ್ದು ಮುಂದಿನ ದಾರಿಯೇ ಮರೆಯಾಗುತ್ತದೆ. ನೀರಿನ ಮೇಲೇರಿ ಜಾರಬೇಕಾದ ಬೋಟ್ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ, ಪೆಟ್ರೋಲ್ ಮಾತ್ರ ಖಾಲಿಯಾಗುತ್ತದೆ. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಕಾಕಾ ಒಬ್ಬರು ಇದನ್ನು ನೋಡಿ, "ತಮ್ಮಾ, ಬಂಡಿಗೆ ಹಿಂಭಾರವಾಗಿದೆ, ಮೂಕಿ ಎದ್ದಿದೆ" ಎಂದರು. ರೋಗ ಅಷ್ಟೇ.

ಇಂಥದ್ದಕ್ಕೆ ಎಲ್ಲರೂ ಹೇಳುವ ಮದ್ದು ಟ್ರಿಮ್ ಪಿನ್. ಮೋಟಾರಿನ ಹಿಡಿಕಟ್ಟಿನಲ್ಲಿ ಸಾಲಾಗಿ ರಂಧ್ರಗಳಿರುತ್ತವೆ; ಪಿನ್ ಯಾವ ರಂಧ್ರದಲ್ಲಿದೆಯೋ ಅದರಂತೆ ಮೋಟಾರಿನ ಕಾಲು, ಅಂದರೆ ನೀರಿನಲ್ಲಿ ಮುಳುಗಿರುವ ಪ್ರೊಪೆಲ್ಲರಿನ ಭಾಗ, ಹಲಗೆಯ ಕಡೆಗೆ ಒಳಗೆ ಸರಿಯುತ್ತದೆ ಅಥವಾ ಹೊರಗೆ ಚಾಚುತ್ತದೆ. ಒಳಗೆ ಸರಿದಷ್ಟೂ ಮೂತಿ ಇಳಿಯುತ್ತದೆ, ಹೊರಗೆ ಚಾಚಿದಷ್ಟೂ ಏಳುತ್ತದೆ. ಫೈಬರ್ ದೋಣಿಯಾಗಿದ್ದರೆ ನಾನೂ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಆದರೆ ಗಾಳಿಯ ಬೋಟಿಗೆ ಗಟ್ಟಿ ಆಕಾರವೇ ಇಲ್ಲ. ಗಾಳಿ ಕಡಿಮೆಯಾದರೆ ತಳ ನಡುವೆ ಮಡಿಯುತ್ತದೆ, ಆಗ ಪಿನ್ ಎಲ್ಲಿಟ್ಟರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೊದಲು ಗಾಳಿ.

ನನ್ನ ಬೋಟಿನ ಪಕ್ಕದ ಕೊಳವೆಗಳಿಗೆ 0.25 ಬಾರ್ ಒತ್ತಡ ಬೇಕು. ಕೊಪ್ಪಳದ ಬಿಸಿಲಿನಲ್ಲಿ ದಡದ ಮೇಲೆ 40 ಡಿಗ್ರಿಯಲ್ಲಿ ಅಷ್ಟು ತುಂಬಿ, 26 ಡಿಗ್ರಿಯ ನೀರಿಗೆ ಇಳಿಸಿದರೆ ಏನಾಗುತ್ತದೆ? ಒಳಗಿನ ಗಾಳಿ ಪೂರ್ತಿ ತಣಿದರೆ ಮಾಪಕ 0.20ಕ್ಕಿಂತ ಕೆಳಗೆ ತೋರಿಸಬೇಕು, ಅಂದರೆ ಐದನೆಯ ಒಂದು ಭಾಗ ಮಾಯ. ಕೊಳವೆಗಳ ಮೇಲ್ಭಾಗ ಬಿಸಿಲಿನಲ್ಲೇ ಇರುವುದರಿಂದ ಅಷ್ಟೂ ಇಳಿಯುವುದಿಲ್ಲ, ಆದರೂ ಬೋಟ್ ಮೆತ್ತಗಾಗುವುದು ಕೈಗೇ ತಿಳಿಯುತ್ತದೆ. ಈಗ ನೀರಿಗಿಳಿಸಿ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಪಂಪ್ ಹಿಡಿದು 0.25ಕ್ಕೆ ತರುತ್ತೇನೆ. ವಾಪಸು ದಡಕ್ಕೆ ಎಳೆದ ಕೂಡಲೇ ಒಂದಿಷ್ಟು ಗಾಳಿ ಬಿಡಲೇಬೇಕು. ಬಿಸಿಲಿಗೆ ಕಾದ ಕೊಳವೆಯ ಅಂಟು ಬಿಡುವ ಅಪಾಯವಿದೆ. ಇಷ್ಟಕ್ಕೇ ಒದ್ದಾಟ ಅರ್ಧ ಕಡಿಮೆಯಾಯಿತು, ಪಿನ್ ಇನ್ನೂ ಮುಟ್ಟಿರಲಿಲ್ಲ.

ಎರಡನೆಯದು ಭಾರ. 12 ಲೀಟರಿನ ಪೆಟ್ರೋಲ್ ಟ್ಯಾಂಕ್ ನನ್ನ ಕಾಲ ಬಳಿಯಿಂದ ಮೂತಿಗೆ ಹೋಯಿತು, ಉದ್ದದ ಪೈಪ್ ಹಾಕಿದ್ದಾಯಿತು. ಜೊತೆಗೆ 20 ಲೀಟರಿನ ನೀರಿನ ಕ್ಯಾನ್, ಅದನ್ನೂ ಕಟ್ಟಿಹಾಕಿದ್ದೇನೆ. ಮೋಟಾರಿನ ಹಿಡಿಕೆಗೆ ಪಿವಿಸಿ ಕೊಳವೆ ಜೋಡಿಸಿ ನಾನೇ ಒಂದಡಿ ಮುಂದೆ ಸರಿದು ಕುಳಿತೆ. ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರ ಮಾತ್ರ ಮಣಿಕಟ್ಟಿನಲ್ಲೇ, ಅದರಲ್ಲಿ ರಾಜಿಯಿಲ್ಲ.

ಇಷ್ಟಾದ ಮೇಲೆ ಪಿನ್. ಒಂದು ರಂಧ್ರ ಒಳಗೆ ಹಾಕಿದಾಗ ಮೂತಿ ಬೇಗ ಇಳಿಯಿತು. ಇನ್ನೂ ಒಂದು ಒಳಗೆ ಹಾಕಿ ನೋಡಿದೆ: ಹಿಡಿಕೆ ಭಾರವಾಯಿತು, ಮೂತಿ ನೀರು ಕಚ್ಚಿ ಬೋಟ್ ಅತ್ತಿತ್ತ ಎಳೆಯತೊಡಗಿತು. ಮೊದಲಿದ್ದ ರಂಧ್ರಕ್ಕಿಂತ ಹೊರಗೆ ಹಾಕಿದರೆ ವೇಗದಲ್ಲಿ ಮೂತಿ ಎದ್ದು ಬಿದ್ದು ಕುಣಿಯುತ್ತದೆ, ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಚೀರುತ್ತದೆ. ಸರಿಯಾದ ಜಾಗಕ್ಕೆ ಗುರುತೆಂದರೆ ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ: ಬೋಟ್ ಜಾರುವಾಗ ಅದು ತಳಕ್ಕೆ ಸಮಾನಾಂತರವಾಗಿರಬೇಕು. ಓಡಿಸುವವನಿಗೆ ಅದು ಕಾಣುವುದಿಲ್ಲ. ಗೆಳೆಯ ಇನ್ನೊಂದು ಬೋಟಿನಿಂದ ಮೊಬೈಲಿನಲ್ಲಿ ಹಿಡಿದ ವಿಡಿಯೊ ನೋಡಿಯೇ ತೀರ್ಮಾನಿಸಿದ್ದು.

ಅದೇ ವಿಡಿಯೊದಲ್ಲಿ ತಟ್ಟೆ ತಳಕ್ಕಿಂತ ತೀರಾ ಕೆಳಗೆ ಇರುವುದೂ ಕಂಡಿತು. ಸುಮಾರು ಒಂದಂಗುಲ ಕೆಳಗಿದ್ದರೆ ಸಾಕು. ಹಲಗೆಯ ಮೇಲೆ ಸಾಗುವಾನಿ ಪಟ್ಟಿಯೊಂದನ್ನು ಕೂರಿಸಿ ಮೋಟಾರನ್ನು ಎತ್ತರಿಸಿದ್ದೇನೆ. ಹಿಂದೆ ಚಿಮ್ಮುತ್ತಿದ್ದ ನೀರು ತಗ್ಗಿದೆ. ಹೊಸ ಮರ ಅದುಮಿಕೊಳ್ಳುವುದರಿಂದ ಸ್ವಲ್ಪ ದೂರ ಓಡಿದ ಮೇಲೆ ಹಿಡಿಕಟ್ಟಿನ ತಿರುಪುಗಳನ್ನು ಮತ್ತೆ ಬಿಗಿಯಬೇಕು. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಓಡಿಸಿ ಜಿಪಿಎಸ್‌ನಲ್ಲಿ ಸರಾಸರಿ ತೆಗೆದರೆ, ಒಬ್ಬನೇ ಇದ್ದಾಗ ಗಂಟೆಗೆ 27 ಕಿ.ಮೀ. ಬರುತ್ತಿದೆ. ಮೊದಲು 15 ದಾಟುತ್ತಿರಲಿಲ್ಲ.

ಉಳಿದಿರುವುದು ಕಡಿಮೆ ಆಳದ ಕೆಲಸ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೂಲದ 133 ಟಿಎಂಸಿ ಅಡಿಯಿಂದ 105ರ ಆಸುಪಾಸಿಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿನ್ನೀರಿನ ಅಂಚಿನಲ್ಲಿ ಎಲ್ಲಿ ಕೆಸರು, ಎಲ್ಲಿ ಹಳೆಯ ಬೊಡ್ಡೆ ಎಂದು ಹೇಳಲಾಗದು. ಮೋಟಾರನ್ನು ಅರ್ಧ ಎತ್ತಿ ನಿಧಾನವಾಗಿ ಸಾಗುವ ಲಿವರ್ ಇದೆ, ಆದರೆ ಸಾಗುವಾನಿ ಪಟ್ಟಿ ಬಂದ ಮೇಲೆ ಆ ಸ್ಥಿತಿಯಲ್ಲಿ ಎಂಜಿನ್ ತಣಿಸುವ ನೀರು ಒಳಬರುವ ರಂಧ್ರ ಮುಳುಗಿಯೇ ಇರುತ್ತದೆಯೇ ಎಂದು ನೋಡಬೇಕು. ಗಿಣಿಗೇರಾದ ಲೇತ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಹೆಚ್ಚುವರಿ ಪಿನ್ ಒಂದಕ್ಕೆ ಹೇಳಿ ಬಂದಿದ್ದೇನೆ. ಅದು ಕೈಗೆ ಬಂದ ಮೇಲೆ ಆ ಪರೀಕ್ಷೆ.