ನನ್ನ ಮಳೆಮಾಪಕದ ದೋಷ ಸೊನ್ನೆಗಿಂತ ಕಡಿಮೆ!

ಅಂತೂ ಮೈನಸ್ ತೊಲಗಿತು. ಧಾರವಾಡದ ಮಾಳಮಡ್ಡಿಯ ನನ್ನ ತಾರಸಿಯ ಮಾಪಕ, ವಿದ್ಯಾಗಿರಿಯ ದೋಸ್ತನ ಮಾಪಕ, ಮೇಲಿಂದ ನಾಸಾದ ಐಮರ್ಜ್ ಉಪಗ್ರಹ ಅಂದಾಜು, ಈ ಮೂರನ್ನೂ, ನಿಜವಾದ ಮಳೆ ಗೊತ್ತಿಲ್ಲದೆಯೂ ಮೂರು ಮೂಲಗಳನ್ನು ಹೋಲಿಸಿ ಒಂದೊಂದರ ದೋಷ ಅಂದಾಜಿಸುವ ಟ್ರಿಪಲ್ ಕೊಲೊಕೇಶನ್‌ಗೆ ಹಾಕಿದಾಗಲೆಲ್ಲ ನನ್ನ ಮಾಪಕದ ದೋಷದ ವೇರಿಯನ್ಸ್ (ಏರಿಳಿತದ ವರ್ಗಗಳ ಸರಾಸರಿ, ಮೈನಸ್ ಆಗಲು ಸಾಧ್ಯವೇ ಇಲ್ಲ) ಸೊನ್ನೆಗಿಂತ ಕೆಳಗೆ ಬರುತ್ತಿತ್ತು. ಸತ್ಯಕ್ಕಿಂತ ಹೆಚ್ಚು ಸತ್ಯ! ದೋಸ್ತ್ ನಕ್ಕ: "ಹರಿಶ್ಚಂದ್ರನ ಬಕೀಟು ಬಿಡಲೇ ಅದು."

ಮಾಪಕದೊಳಗಿನ ಪುಟ್ಟ ಬಕೆಟ್ಟು ತುಂಬಿದಾಗಲೆಲ್ಲ ಮಗುಚುತ್ತದೆ, ಅದೇ ಎಣಿಕೆ; ಎಲೆಕ್ಟ್ರಾನಿಕ್ಸ್ ವಿವರ ಬಿಟ್ಟೆ.

ಮೊದಲ ಅನುಮಾನ ದಿನದ ಗಡಿಯ ಮೇಲೆ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಮ್ಮದೂ ಹಾಗೇ. ಐಮರ್ಜ್‌ನ ದಿನದ ಫೈಲು ಮಾತ್ರ ಯುಟಿಸಿ ನಡುರಾತ್ರಿಗೆ, ಅಂದರೆ ನಮ್ಮ ನಸುಕಿನ 5.30ಕ್ಕೆ ದಿನ ಬದಲಿಸುತ್ತದೆ. ಮೇ ತಿಂಗಳ ಮಳೆ ಸಂಜೆ ಗುಡುಗಿ ಸುರಿದು ಹೋಗುತ್ತದೆ, ಆಗ ಈ ಮೂರು ತಾಸು ಲೆಕ್ಕಕ್ಕಿಲ್ಲ. ಆರಿದ್ರಾ ಮಳೆ ರಾತ್ರಿಯಿಡೀ ಜಿಟಿಜಿಟಿ ಹಿಡಿದರೆ ನಸುಕಿನ ಪಾಲು ಮರುದಿನದ ಖಾತೆಗೆ ಜಮಾ. ಅರ್ಧ ತಾಸಿನ ಫೈಲು ಇಳಿಸಿಕೊಂಡು 48 ತುಂಡುಗಳನ್ನು ನಾನೇ ಕೂಡಿಸಿದೆ. ಹೊಂದಾಣಿಕೆ ಸುಧಾರಿಸಿತು, ಮೈನಸ್ ಜಪ್ಪಯ್ಯ ಅನ್ನಲಿಲ್ಲ.

ಎರಡನೇ ಅನುಮಾನ ಮಾರಾಟಗಾರನ ಮೇಲೆ. ಮಾಪಕದ ಬಾಯಿ 200 ಮಿ.ಮೀ. ಅಗಲ, ಒಂದು ಟಿಪ್‌ಗೆ (ಬಕೆಟ್ಟು ಒಮ್ಮೆ ಮಗುಚಲು) 0.2 ಮಿ.ಮೀ. ಮಳೆ ಅಂದರೆ 6.28 ಮಿ.ಲೀ. ನೀರು. ಸಿರಿಂಜ್‌ನಿಂದ ಹನಿಹನಿ ಬಿಟ್ಟರೆ ಏಳು ದಾಟಿದರೂ ಬಕೆಟ್ಟು ಸುಮ್ಮನೆ ಕೂತಿರುತ್ತದೆ; ಎಂಟರ ಹತ್ತಿರ ಟಕ್ ಅಂತ ಮಗುಚುತ್ತದೆ. ಫೋನ್ ಮಾಡಿದರೆ ಪುಣ್ಯಾತ್ಮ, "ನಿಮ್ಮೂರ ನೀರು ಗಡಸು ಇರಬೇಕು ಸಾರ್" ಎಂದ! ಆದರೆ ಎಲ್ಲ ಮಳೆಗೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಈ ವಿಧಾನಕ್ಕೆ ಬಾಧಕವಿಲ್ಲ. ಕೋವೇರಿಯನ್ಸ್‌ಗಳ (ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಲೆಕ್ಕ) ಅನುಪಾತದಲ್ಲಿ ಅದು ತಾನೇ ಹೊಡೆದುಹೋಗುತ್ತದೆ.

   

ಗಂಟು ಇದ್ದದ್ದು ಸೂತ್ರದಲ್ಲೇ. ನನ್ನ ವೇರಿಯನ್ಸ್‌ನಿಂದ ಏನು ಕಳೆಯುತ್ತೇವೆ? ನಾನು–ದೋಸ್ತ್ ಕೋವೇರಿಯನ್ಸ್ ಗುಣಿಸು ನಾನು–ಉಪಗ್ರಹ, ಭಾಗಿಸು ದೋಸ್ತ್–ಉಪಗ್ರಹ. ಮೂವರ ದೋಷಗಳಿಗೂ ನಂಟಿಲ್ಲ ಎಂಬ ಷರತ್ತಿನ ಮೇಲೆ ಇದು ನಿಂತಿದೆ. ನಾವಿಬ್ಬರೋ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡು ಬಂದ ಸಾಕ್ಷಿಗಳು. ಒಂದೇ ಅಂಗಡಿಯ ಮಾಪಕ, ಜೋರು ಮಳೆಗೆ ಎರಡೂ ಒಟ್ಟಿಗೆ ಎಣಿಕೆ ತಪ್ಪುತ್ತವೆ. ಉಪಗ್ರಹದ 0.1 ಡಿಗ್ರಿ, ಅಂದರೆ ಸುಮಾರು 11 ಕಿ.ಮೀ. ಚೌಕದಲ್ಲಿ ನಮ್ಮಿಬ್ಬರ ಮೇಲಷ್ಟೇ ಸುರಿದು ಪಕ್ಕದ ನವಲೂರಲ್ಲಿ ಹನಿ ಬೀಳದ ಮಳೆಯೂ ನಮ್ಮಿಬ್ಬರಿಗೂ ಸಮಾನವಾದ ದೋಷವೇ. ಹೀಗಾಗಿ ಮೊದಲ ಕೋವೇರಿಯನ್ಸ್ ಉಬ್ಬಿತು, ಕಳೆಯುವ ಮೊತ್ತ ಅಸಲನ್ನೇ ಮೀರಿತು. ಪಾಪ, ತಪ್ಪೆಲ್ಲ ಉಪಗ್ರಹದ ತಲೆಗೆ.

1998ರಲ್ಲಿ ವಿಜ್ಞಾನಿ ಸ್ಟೊಫೆಲೆನ್ ಸಮುದ್ರದ ಗಾಳಿಗೆ ಇದನ್ನು ಹೂಡಿದಾಗ ತೇಲುಬುರುಡೆ, ಮುನ್ಸೂಚನೆ ಮಾದರಿ, ಉಪಗ್ರಹ ಎಂಬ ಮೂರು ಬೇರೆ ಜಾತಿಯ ಮೂಲಗಳನ್ನೇ ಹಿಡಿದಿದ್ದರು. ನಾನೂ ಎರಡು ಮಾಪಕಗಳ ಸರಾಸರಿ ತೆಗೆದು ಒಂದೇ ಸಾಕ್ಷಿ ಮಾಡಿದೆ, ಮೂರನೆಯದಾಗಿ ಇಆರ್‌ಎ5 ಎಂಬ ಹವಾಮಾನ ಮಾದರಿಯ ಮರುಲೆಕ್ಕ ತಂದೆ. ಐಮರ್ಜ್‌ನಲ್ಲೂ ಲೇಟ್ ಆವೃತ್ತಿಯೇ ಇರಲಿ. ಫೈನಲ್ ಆವೃತ್ತಿಗೆ ನೆಲದ ಮಾಪಕಗಳ ತಿಂಗಳ ಲೆಕ್ಕ ಬೆರೆಸಿರುತ್ತಾರೆ, ಆಗ ಅದು ಪೂರ್ತಿ ಸ್ವತಂತ್ರ ಸಾಕ್ಷಿಯಲ್ಲ. ಈಗ ಮೂರೂ ಪ್ಲಸ್!

ಇನ್ನು ಮೂಲಗಳನ್ನು ಕೂಡಿಸುವಾಗ ಯಾವುದಕ್ಕೆ ಎಷ್ಟು ತೂಕ ಎಂಬುದು ಸಲೀಸು. ಒಂದರ ದೋಷ 2 ಮಿ.ಮೀ., ಇನ್ನೊಂದರದು 6 ಎಂದಿಟ್ಟುಕೊಳ್ಳಿ. ತೂಕ ದೋಷದ ವರ್ಗಕ್ಕೆ ವಿಲೋಮ, ಹಾಗಾಗಿ 1/4 ಮತ್ತು 1/36, ಅಂದರೆ 9ಕ್ಕೆ 1. ಕೂಡಿಸಿದ ಅಂದಾಜಿನ ದೋಷ ಸುಮಾರು 1.9. ತಲಾ 2 ಮಿ.ಮೀ. ದೋಷದ ಎರಡು ಸ್ವತಂತ್ರ ಮಾಪಕಗಳಿದ್ದರೆ 1.41ಕ್ಕೆ ಇಳಿಯಬೇಕು, ದೋಷಗಳ ನಡುವೆ 0.8 ಸಹಸಂಬಂಧವಿದ್ದರೆ ಅದೂ 1.9ರಲ್ಲೇ ನಿಲ್ಲುತ್ತದೆ. ದೋಸ್ತನ ಮಾಪಕದಿಂದ ಲಾಭ ಇಷ್ಟೇ. ಅವನಿಗಿನ್ನೂ ಹೇಳಿಲ್ಲ.

ಉಳಿದ ತಲೆನೋವು ಸೊನ್ನೆಗಳದ್ದು. ಇಆರ್‌ಎ5ಗೆ ತುಂತುರಿನ ಚಟ, ಒಣಗಿದ ದಿನವೂ ಒಂದಿಷ್ಟು ಚಿಮುಕಿಸುತ್ತದೆ. ಲಾಗ್ (ಲಾಗರಿದಮ್) ತೆಗೆದು ಲೆಕ್ಕ ಹಾಕೋಣವೆಂದರೆ ಮಾಪಕದ ಸೊನ್ನೆಗೆ ಲಾಗ್ ಇಲ್ಲ. ಕಲಘಟಗಿ ಅಥವಾ ನವಲಗುಂದ ಕಡೆ ಯಾರಾದರೂ ಮಾಪಕ ಇಟ್ಟಿದ್ದರೆ 8.30ರ ಲೆಕ್ಕ ಕಳಿಸ್ರಿ. ಬೇರೆ ಅಂಗಡಿಯದಾದರೆ ಇನ್ನೂ ಚಲೋ.